ಮರಗಟ್ಟದೆ ಉಳಿದ ನಾಲ್ಕು ಬೆರಳಗಲ

ಅರಿವಳಿಕೆಯ ಬಗ್ಗೆ ನಾವು ನಡೆಸಿದ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯನ್ನು ಕೇಳಿದ್ದವು: ಆಪರೇಷನ್ನಿನ ನಡುವೆ ಎಚ್ಚರವಾಗಿಬಿಟ್ಟರೆ ಏನು ಗತಿ? ಅದಕ್ಕೆ ತಜ್ಞರು ಸ್ಟುಡಿಯೋದಲ್ಲಿಯೇ ಉತ್ತರ ಹೇಳಿದ್ದರು. ಬಳ್ಳಾರಿ ಹತ್ತಿರದ ಮೋಕದಿಂದ ಬಂದ ಒಂದು ಪತ್ರ ಮಾತ್ರ ಬೇರೆ ಜಾತಿಯದು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅದಕ್ಕೆ ನ್ಯಾಯ ಒದಗಿಸಲು ಆಗುತ್ತಿರಲಿಲ್ಲ. ಆದ್ದರಿಂದ ಈ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪತ್ರ ಬರೆದವರು ಒಬ್ಬ ರೈತರ ಮಗ. ಎರಡು ವರ್ಷಗಳ ಹಿಂದೆ ಅವರ ತಂದೆ ಗದ್ದೆಯ ಬದುವಿನ ಮೇಲೆ ಜಾರಿ, ಬೀಳುವಾಗ ಎಡಗೈ ಊರಿದರು. ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಕಡೆಯ ಮೂಳೆ ಮುರಿಯಿತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಪ್ಲೇಟು ಹಾಕಿದರು. ಪೂರ್ತಿ ಮತ್ತು ಬರಿಸದೆ, ಕಂಕುಳಿಗೆ ಇಂಜೆಕ್ಷನ್ ಕೊಟ್ಟು ಕೈಯನ್ನಷ್ಟೇ ಮರಗಟ್ಟಿಸಿದ್ದರು. ಬೆರಳು ಆಡುತ್ತಿರಲಿಲ್ಲ, ಅಂಗೈ ಚಿವುಟಿದರೆ ತಿಳಿಯುತ್ತಿರಲಿಲ್ಲ. ಆದರೂ ಚಾಕು ತಾಗಿದ ಕೂಡಲೇ ಆತ ಕೂಗಿಕೊಂಡರು. "ಕೈ ಸತ್ತಂಗ ಆಗಿತ್ತು, ಖರೆ. ಆದ್ರ ಹೆಬ್ಬೆಟ್ಟಿನ ಕಡೆ ಮುಂಗೈ ಮ್ಯಾಲೆ ಒಂದು ನಾಲ್ಕು ಬೆರಳಗಲ ಜಾಗ ಜೀವಂತ ಇತ್ತು" ಎಂಬುದು ಅವರ ಮಾತು. "ಹೆದರಬ್ಯಾಡ ತಾತಾ, ಸುಮ್ಮನಿರು" ಎಂದರಂತೆ ಅಲ್ಲಿದ್ದವರು. ಎರಡನೆಯ ಸಲ ಕೂಗಿದಾಗ ಮೂಗಿಗೆ ಮಾಸ್ಕು ಹಿಡಿದು ಮಲಗಿಸಿ ಕೆಲಸ ಮುಗಿಸಿದರು. ಅಂದಿನಿಂದ ಮನೆಯಲ್ಲೂ ಊರ ಕಟ್ಟೆಯ ಮೇಲೂ ಅವರಿಗೆ ಅಂಜುಬುರುಕ ಎಂಬ ಹೆಸರು. ಈಗ ಪ್ಲೇಟಿನ ಸ್ಕ್ರೂ ಒಳಗೆ ಒತ್ತುತ್ತಿದೆ, ತೆಗೆಸಬೇಕೆಂದು ವೈದ್ಯರು ಹೇಳಿದ್ದಾರೆ. ತಂದೆ ಒಪ್ಪುತ್ತಿಲ್ಲ. ಮಗ ಕೇಳುವುದು ಇಷ್ಟು: "ನಮ್ಮ ತಂದೆ ಹೆದರಿ ಹಾಗೆ ಹೇಳಿದರೋ, ಅಥವಾ ನಿಜವಾಗಿ ಹಾಗಾಗುವುದು ಉಂಟೋ?"

ಉಂಟು. ಆ ನಾಲ್ಕು ಬೆರಳಗಲದ ಜಾಗವನ್ನು ಕುರಿತೇ ಈ ಲೇಖನ.

ಮೊದಲು ನಿಮ್ಮ ಎಡಗೈಯನ್ನು ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿ. ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳಿನ ಸ್ಪರ್ಶವನ್ನು ಮೆದುಳಿಗೆ ಒಯ್ಯುವುದು ಅಲ್ನಾರ್ ಎಂಬ ನರ. ಮೊಳಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಕರೆಂಟು ಹೊಡೆದಂತೆ ಆಗುತ್ತದಲ್ಲ, ಆಗ ಪೆಟ್ಟು ಬಿದ್ದದ್ದು ಈ ನರಕ್ಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಅವುಗಳ ಕೆಳಗಿನ ಅಂಗೈ ಮೀಡಿಯನ್ ನರದ ಪಾಲು. ಕೈ ತಿರುವಿದರೆ ಹೆಬ್ಬೆರಳ ಬುಡದ ಹಿಂಭಾಗ ರೇಡಿಯಲ್ ನರದ್ದು. ಇನ್ನು ಮೊಳಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ ಹೆಬ್ಬೆರಳ ಸಾಲಿನಲ್ಲಿಯೇ ಇಳಿಯುವ ಚರ್ಮದ ಪಟ್ಟಿಯೊಂದಿದೆ. ಬಲಗೈಯ ನಾಲ್ಕು ಬೆರಳು ಜೋಡಿಸಿ ಅದರ ಮೇಲಿಟ್ಟರೆ ಹೆಚ್ಚುಕಡಿಮೆ ಮುಚ್ಚುತ್ತದೆ. ಇದು ನಾಲ್ಕನೆಯ ನರದ ವಶದಲ್ಲಿರುವ ಜಾಗ. ಅದರ ವೈದ್ಯಕೀಯ ಹೆಸರು ಮಸ್ಕ್ಯುಲೋಕ್ಯುಟೇನಿಯಸ್. ಸ್ನಾಯುವಿಗೂ ಚರ್ಮಕ್ಕೂ ಕವಲು ಕೊಡುವುದರಿಂದ ಕನ್ನಡದಲ್ಲಿ ಸ್ನಾಯು-ಚರ್ಮ ನರ ಎನ್ನಬಹುದು. ಮೋಕದ ಆ ಹಿರಿಯರು ಅಂಗರಚನಾಶಾಸ್ತ್ರ ಓದಿದವರಲ್ಲ. ಆದರೂ ಅವರು ಬೆರಳಿಟ್ಟು ತೋರಿಸಿದ್ದು ಈ ಒಂದೇ ನರದ ಗಡಿಯನ್ನು.

ನನಗೆ ಪತ್ರದಲ್ಲಿ ಮುಖ್ಯವೆನಿಸಿದ್ದು ಇದೇ. ಭಯದಿಂದ ನೋವು ಹೆಚ್ಚುತ್ತದೆ ಎಂಬುದು ಸುಳ್ಳಲ್ಲ. ಅರಿವಳಿಕೆ ತಜ್ಞರೆಲ್ಲ ಅದನ್ನು ಬಲ್ಲರು. ಆದರೆ ಹೆದರಿದ ಮನುಷ್ಯ ಕೈಯೆಲ್ಲ ನೋಯುತ್ತಿದೆ ಎನ್ನುತ್ತಾನೆ. ಉಳಿದ ಕೈ ಸತ್ತಂತಿದೆ, ಇಷ್ಟು ಜಾಗ ಮಾತ್ರ ಜೀವಂತವಿದೆ ಎಂದು ಗೆರೆ ಎಳೆದು ತೋರಿಸುವುದು ಭಯದ ಲಕ್ಷಣವಲ್ಲ.

ಈ ನಾಲ್ಕೂ ನರಗಳು ಕೈಯಲ್ಲಿ ಹುಟ್ಟುವುದಿಲ್ಲ. ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಐದು ಬೇರುಗಳು ಹೊರಡುತ್ತವೆ: ಕುತ್ತಿಗೆಯ ಐದು, ಆರು, ಏಳು, ಎಂಟನೆಯ ನರಗಳು ಮತ್ತು ಎದೆಯ ಮೊದಲನೆಯ ನರ. ಅವು ಕೂಡಿ ಮೂರು ಕಾಂಡಗಳಾಗುತ್ತವೆ. ಕಾಲರ್ ಮೂಳೆಯ ಹಿಂದೆ ಒಂದೊಂದು ಕಾಂಡವೂ ಎರಡಾಗಿ ಒಡೆಯುತ್ತದೆ. ಆ ಆರು ಎಳೆಗಳು ಮತ್ತೆ ಮೂರು ಹುರಿಗಳಾಗಿ ಹೊಸೆದುಕೊಂಡು ಕಂಕುಳಿಗೆ ಇಳಿಯುತ್ತವೆ. ಆ ಹುರಿಗಳಿಂದ ಮೇಲೆ ಹೇಳಿದ ನಾಲ್ಕು ನರಗಳೂ, ಭುಜಕ್ಕೆ ಹೋಗುವ ಇನ್ನೊಂದೂ ಕವಲೊಡೆಯುತ್ತವೆ. ಇಡೀ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ತೋಳಿನ ನರಜಾಲ ಎಂದು ಹೆಸರು. ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಇಪ್ಪತ್ತು ಸಲ ಬರೆದು ಅಭ್ಯಾಸ ಮಾಡುತ್ತಾರೆ.

ಅರಿವಳಿಕೆಯ ಔಷಧ ಇಲ್ಲಿ ಮಾಡುವ ಕೆಲಸ ಸರಳವಾದುದು. ನರದ ಎಳೆಯ ಪೊರೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆ. ಅವು ತೆರೆದು ಸೋಡಿಯಂ ಕಣಗಳು ಒಳನುಗ್ಗಿದಾಗ ಸಂದೇಶ ಮುಂದಕ್ಕೆ ಸಾಗುತ್ತದೆ. ಲಿಗ್ನೋಕೇನ್, ಬ್ಯುಪಿವಕೇನ್ ಮುಂತಾದ ಔಷಧಗಳು ಆ ಬಾಗಿಲುಗಳನ್ನು ಒಳಗಿನಿಂದ ಮುಚ್ಚಿ ಹಿಡಿಯುತ್ತವೆ. ಔಷಧ ಇಳಿಯುವವರೆಗೆ ಬೆರಳಿನಿಂದ ಹೊರಟ ನೋವು ಕಂಕುಳಲ್ಲಿಯೇ ನಿಂತುಬಿಡುತ್ತದೆ. ಆದರೆ ಒಂದು ಷರತ್ತು: ಔಷಧ ನರದ ಮಗ್ಗುಲಿಗೇ ತಲುಪಬೇಕು. ನಡುವೆ ಒಂದು ತೆಳುಪೊರೆ ಅಡ್ಡ ಬಂದರೂ ಆ ನರ ಎಚ್ಚರವಾಗಿಯೇ ಉಳಿಯುತ್ತದೆ.

ಮೋಕ ನನ್ನ ತಾಯಿಯ ತವರೂರು. ಹಗರಿ ಹೊಳೆಯ ಸೀಮೆ. ನಕ್ಷೆಯಲ್ಲಿ ವೇದಾವತಿ ಎಂದಿರುವುದೂ ಅದೇ ಹೊಳೆ. ತುಂಗಭದ್ರೆಯ ನೀರು ತರುವ ಕೆಳಮಟ್ಟದ ಕಾಲುವೆ, ಜನರ ಬಾಯಲ್ಲಿ ಎಲ್‌ಎಲ್‌ಸಿ, ಅಲ್ಲಿ ಕಂಬಗಳ ಮೇಲೆ ಹೊಳೆಯನ್ನು ದಾಟಿ ಹೋಗುತ್ತದೆ. 2022ರಲ್ಲಿ ಬೈರದೇವನಹಳ್ಳಿಯ ಹತ್ತಿರ ಆ ಮೇಲುಗಾಲುವೆಯ ಕಂಬ ಕುಸಿದು ನೀರು ನಿಂತದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಳೆದು ನಿಂತ ಪೈರಿನ ರೈತರು ಕಂಗಾಲಾಗಿದ್ದರು. ಆಗ ನಮ್ಮ ಸೋದರಮಾವನ ಹೊಲದ ಒಂದು ಮೂಲೆ ಮಾತ್ರ ಹಸಿರಾಗಿಯೇ ಇತ್ತು. ಅಜ್ಜ ತಮ್ಮ ಕಾಲದಲ್ಲಿ ಹೊಳೆಯಿಂದ ಆ ಮೂಲೆಗೆ ಪೈಪು ಎಳೆಸಿದ್ದರು. ಕಾಲುವೆಯ ನಕ್ಷೆಯಲ್ಲಿ ಆ ಪೈಪು ಇಲ್ಲ. ನಕ್ಷೆಯನ್ನಷ್ಟೇ ನೋಡಿದವರು ಆ ಮೂಲೆಯೂ ಒಣಗಿದೆ ಎಂದೇ ಬರೆದುಕೊಳ್ಳುತ್ತಿದ್ದರು. ತೋಳಿನ ನರಗಳ ವಿಷಯದಲ್ಲಿಯೂ ನಕ್ಷೆಯಲ್ಲಿಲ್ಲದ ಪೈಪುಗಳು ಬೇಕಾದಷ್ಟಿವೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಬಿ.ಎಸ್ಸಿ.ಯಲ್ಲಿ ಕಪ್ಪೆ ಕೊಯ್ಯುವ ಕಾಲ ನನ್ನದು. ಒಂದು ದಿನ ನನ್ನ ಕಪ್ಪೆಯ ಮುಂಗಾಲಿನ ನರ ಪುಸ್ತಕದ ಚಿತ್ರದಂತೆ ಇರಲಿಲ್ಲ. ಇರಬೇಕಾದ ಕಡೆ ಒಂದು ಕವಲು ಇಲ್ಲ, ಇರಬಾರದ ಕಡೆ ಒಂದು ಎಳೆ ಇದೆ. ನಾನು ಕೊಯ್ಯುವಾಗ ಕೆಡಿಸಿರಬೇಕೆಂದು ಅಂದುಕೊಂಡು, ರೆಕಾರ್ಡ್ ಪುಸ್ತಕದಲ್ಲಿ ಪಠ್ಯದ ಚಿತ್ರವನ್ನೇ ನಕಲು ಮಾಡಿದೆ. ಹತ್ತಕ್ಕೆ ಒಂಬತ್ತು ಅಂಕ ಬಂತು. ಕಂಡದ್ದನ್ನೇ ಬರೆದಿದ್ದರೆ ಎಷ್ಟು ಬರುತ್ತಿತ್ತೋ!

ಕಂಡದ್ದನ್ನೇ ಬರೆದವರೂ ಇದ್ದಾರೆ. ಅಮೆರಿಕದ ಕೆರ್ ಎಂಬ ಅಂಗರಚನಾ ತಜ್ಞರು 175 ತೋಳುಗಳ ನರಜಾಲವನ್ನು ಬಿಡಿಸಿ ನೋಡಿ 1918ರಲ್ಲಿ ಪ್ರಕಟಿಸಿದರು. ಬೇರುಗಳು ಐದು ಎಂದು ಈಗ ತಾನೇ ಹೇಳಿದೆನಷ್ಟೆ? ಅವರು ನೋಡಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೋಳುಗಳಲ್ಲಿ ಕುತ್ತಿಗೆಯ ನಾಲ್ಕನೆಯ ನರದಿಂದಲೂ ಒಂದು ಎಳೆ ಬಂದು ಕೂಡಿತ್ತು. ಎಂದರೆ ಪುಸ್ತಕದ 'ಐದು' ಎಂಬುದು ನೆನಪಿಗೆ ಅನುಕೂಲವಾದ ಲೆಕ್ಕ. ಇನ್ನು ಕೆಲವರಲ್ಲಿ ಇಡೀ ಜಾಲವೇ ಒಂದು ಮೆಟ್ಟಿಲು ಕೆಳಗೆ ಸರಿದು ಎದೆಯ ಎರಡನೆಯ ನರವನ್ನು ಸೇರಿಸಿಕೊಂಡಿರುತ್ತದೆ.

ಮುಂಗೈಯಲ್ಲಿ ಮೀಡಿಯನ್ ನರದಿಂದ ಅಲ್ನಾರ್ ನರಕ್ಕೆ ಹಾದುಹೋಗುವ ಅಡ್ಡ ಎಳೆಯೊಂದನ್ನು ಸ್ವೀಡನ್ನಿನ ಮಾರ್ಟಿನ್ 1763ರಲ್ಲಿ ಸೂಚಿಸಿದರು. 1870ರಲ್ಲಿ ಗ್ರೂಬರ್ ವಿವರವಾಗಿ ಬರೆದರು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ಕರೆಯುತ್ತಾರೆ. ನೂರು ಜನರಲ್ಲಿ ಸುಮಾರು ಹದಿನೈದು, ಇಪ್ಪತ್ತು ಮಂದಿಗೆ ಅದು ಇದೆ. ನಿಮಗೂ ಇರಬಹುದು, ನನಗೂ ಇರಬಹುದು. ಬದುಕಿನುದ್ದಕ್ಕೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬೀಳುವುದಿಲ್ಲ. ಇವೆಲ್ಲ ರೋಗಗಳಲ್ಲ, ಅಂಗವೈಕಲ್ಯವೂ ಅಲ್ಲ. ತಾಯಿಯ ಗರ್ಭದಲ್ಲಿ ಐದನೆಯ ವಾರದ ಹೊತ್ತಿಗೆ, ಕೈ ಇನ್ನೂ ಮೊಗ್ಗಿನಂತಿರುವಾಗ, ನರದ ಎಳೆಗಳು ಅದರೊಳಕ್ಕೆ ದಾರಿ ಹುಡುಕಿಕೊಂಡು ಬೆಳೆಯುತ್ತವೆ. ಸುತ್ತಲ ಕೋಶಗಳು ಒಸರುವ ರಾಸಾಯನಿಕಗಳೇ ಅವಕ್ಕೆ ದಾರಿಗುರುತು. ಒಂದೆಳೆ ಪಕ್ಕದ ಜೊತೆಗಾರನ ಸಂಗಡ ಸ್ವಲ್ಪ ದೂರ ನಡೆದು ಆಮೇಲೆ ತನ್ನ ದಾರಿಗೆ ತಿರುಗಿದರೂ ಗುರಿ ಮುಟ್ಟುತ್ತದೆ. ಕೈ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆಚ್ಚು ಹೀಗೆ ಅದಲುಬದಲಾಗುವ ಜೋಡಿಗಳಲ್ಲಿ ಮೀಡಿಯನ್ ಮತ್ತು ನಮ್ಮ ಸ್ನಾಯು-ಚರ್ಮ ನರದ ಜೋಡಿಯೂ ಒಂದು.

ಪುಸ್ತಕದಲ್ಲಿರುವ ಪ್ರಕಾರ ಸ್ನಾಯು-ಚರ್ಮ ನರ ಕಂಕುಳಿನ ಮೇಲ್ಭಾಗದಲ್ಲಿಯೇ ಉಳಿದವರ ಗುಂಪು ಬಿಟ್ಟು, ಕೊರಾಕೋಬ್ರೇಕಿಯಾಲಿಸ್ ಎಂಬ ಸಣ್ಣ ಸ್ನಾಯುವನ್ನು ತೂರಿ, ತೋಳಿನ ಮುಂಭಾಗದ ಸ್ನಾಯುಗಳಿಗೆ ಕವಲು ಕೊಟ್ಟು, ಮೊಳಕೈ ಮಡಿಕೆಯ ಬಳಿ ಚರ್ಮದ ಕೆಳಗೆ ಬಂದು ಮುಂಗೈಗೆ ಇಳಿಯುತ್ತದೆ. ಕೆಲವರಲ್ಲಿ ಅದು ಸ್ನಾಯುವನ್ನು ತೂರುವುದೇ ಇಲ್ಲ. ಕೆಲವರಲ್ಲಿ ಮೀಡಿಯನ್ ನರಕ್ಕೆ ಅಂಟಿಕೊಂಡು ನಡೆಯುತ್ತದೆ. ಅಪರೂಪಕ್ಕೆ ಆ ನರವೇ ಇಲ್ಲದೆ, ಅದರ ಕೆಲಸವನ್ನೆಲ್ಲ ಮೀಡಿಯನ್ ನರದ ಕವಲುಗಳು ಮಾಡುತ್ತವೆ. ಇನ್ನು ಹಲವರಲ್ಲಿ ಎರಡರ ನಡುವೆ ತೋಳಿನ ಮಧ್ಯದಲ್ಲಿ ಒಂದು ಸೇತುವೆ ಇರುತ್ತದೆ. ಆ ಸೇತುವೆ ಸ್ನಾಯುವಿಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಆಧರಿಸಿ ಗ್ರೀಸಿನ ಇಬ್ಬರು ತಜ್ಞರು 1998ರಲ್ಲಿ ವಿಂಗಡಣೆಯನ್ನೇ ಮಾಡಿದ್ದಾರೆ. ನಮ್ಮ ಮಣಿಪಾಲ, ಮಂಗಳೂರುಗಳ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಿಂದಲೂ ಇಂಥ ತೋಳುಗಳ ವರದಿಗಳು ಒಂದಾದ ಮೇಲೊಂದು ಪ್ರಕಟವಾಗಿವೆ.

ಈ ವರದಿಗಳೆಲ್ಲ ಎಲ್ಲಿಂದ ಬಂದವು? ಸತ್ತ ಮೇಲೆ ದೇಹವನ್ನು ಕಾಲೇಜಿಗೆ ಬಿಟ್ಟುಕೊಟ್ಟವರಿಂದ, ಮತ್ತು ವಾರಸುದಾರರಿಲ್ಲದೆ ಅಲ್ಲಿಗೆ ಬಂದವರಿಂದ. ಬೈಲಹೊಂಗಲದ ವೈದ್ಯರೊಬ್ಬರು ತಮ್ಮ ದೇಹವನ್ನು ದಾನ ಮಾಡಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆ ದೇಹದ ಛೇದನ ಮಾಡಿ ಪಾಠ ಹೇಳಿದವರು ಅವರ ಮಗ, ಅಂಗರಚನಾ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ತಂದೆಯ ಇಚ್ಛೆ ಹಾಗಿತ್ತು. ಆ ಸುದ್ದಿ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಆದರೆ ಯೋಚಿಸಿ ನೋಡಿ, ತೋಳನ್ನು ಬಿಡಿಸಿ ನೋಡದೆ ಅದರೊಳಗಿನ ಎಳೆಯನ್ನು ಅರಿಯುವ ಬಗೆ ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ.

ಈಗ ಕಂಕುಳಿನ ಇಂಜೆಕ್ಷನ್ನಿಗೆ ಬರೋಣ. ಕೈಯನ್ನಷ್ಟೇ ಮರಗಟ್ಟಿಸುವ ಪ್ರಯತ್ನ ಹಳೆಯದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನ ಹನಿಯಿಂದ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಅಮೆರಿಕದ ಹಾಲ್‌ಸ್ಟೆಡ್ ಕುತ್ತಿಗೆಯಲ್ಲಿ ತೋಳಿನ ನರಗಳನ್ನು ಬಿಡಿಸಿ ಅವುಗಳ ಮೇಲೆಯೇ ಕೊಕೇನ್ ಪ್ರಯೋಗಿಸಿದರು. ತಮ್ಮ ಮೇಲೂ ಪ್ರಯೋಗಿಸಿಕೊಂಡು ಅದರ ಚಟಕ್ಕೆ ಬಲಿಯಾದರು, ಪಾಪ. ಚರ್ಮ ಕೊಯ್ಯದೆ ಸೂಜಿಯಿಂದಲೇ ಇದನ್ನು ಸಾಧಿಸಿದ್ದು 1911ರಲ್ಲಿ, ಜರ್ಮನಿಯ ಇಬ್ಬರು: ಹಿರ್ಷೆಲ್ ಕಂಕುಳಿನ ಮೂಲಕ, ಕುಲೆನ್‌ಕಾಂಪ್ಫ್ ಕಾಲರ್ ಮೂಳೆಯ ಮೇಲಿನಿಂದ. ಎರಡನೆಯವರು ಮೊದಲು ಚುಚ್ಚಿಕೊಂಡದ್ದು ತಮ್ಮದೇ ಕತ್ತಿಗೆ. 1970ರಲ್ಲಿ ಅಮೆರಿಕದ ವಿನ್ನಿ ಕುತ್ತಿಗೆಯ ಎರಡು ಸ್ಕೇಲೀನ್ ಸ್ನಾಯುಗಳ ನಡುವಿನ ದಾರಿಯನ್ನು ವಿವರಿಸಿದರು.

ಒಂದೊಂದು ದಾರಿಗೂ ಒಂದೊಂದು ಗುಣ, ಒಂದೊಂದು ಕೊರತೆ. ಕುತ್ತಿಗೆಯಲ್ಲಿ ಚುಚ್ಚಿದರೆ ಭುಜ ಚೆನ್ನಾಗಿ ಮರಗಟ್ಟುತ್ತದೆ, ಕಿರುಬೆರಳ ಕಡೆ ಉಳಿದುಬಿಡಬಹುದು. ಜೊತೆಗೆ ಆ ಮಗ್ಗುಲಿನ ವಪೆಯ ನರಕ್ಕೂ ಔಷಧ ತಗುಲಿ, ಸಾಮಾನ್ಯ ಪ್ರಮಾಣದಲ್ಲಿ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರಲ್ಲೂ ಅರ್ಧ ವಪೆ ಕೆಲವು ಗಂಟೆ ನಿಂತುಬಿಡುತ್ತದೆ. ಗಟ್ಟಿಮುಟ್ಟಾದವರಿಗೆ ಅದು ತಿಳಿಯದು. ದಮ್ಮಿನ ರೋಗಿಗೆ ಚೆನ್ನಾಗಿ ತಿಳಿಯುತ್ತದೆ. ಕಾಲರ್ ಮೂಳೆಯ ಮೇಲೆ ಎಳೆಗಳೆಲ್ಲ ಒತ್ತಾಗಿ ಸಿಗುತ್ತವೆ, ಆದರೆ ಕೆಳಗೇ ಶ್ವಾಸಕೋಶದ ತುದಿ ಇದೆ. ಕಂಕುಳು ಇವೆಲ್ಲಕ್ಕಿಂತ ನಿರಪಾಯ. ಅಲ್ಲಿ ಮಿಡಿಯುವ ದೊಡ್ಡ ಧಮನಿಯ ಸುತ್ತ ಮೀಡಿಯನ್, ಅಲ್ನಾರ್, ರೇಡಿಯಲ್ ಮೂರೂ ಒಂದೇ ಹೊದಿಕೆಯಲ್ಲಿ ಮಲಗಿರುತ್ತವೆ. ಸ್ನಾಯು-ಚರ್ಮ ನರ ಮಾತ್ರ ಆ ವೇಳೆಗಾಗಲೇ ಗುಂಪು ಬಿಟ್ಟು ಹೋಗಿರುತ್ತದೆ. ಧಮನಿಯ ಸುತ್ತ ಎಷ್ಟು ಚೆನ್ನಾಗಿ ಔಷಧ ಹಾಕಿದರೂ ಅದು ತಪ್ಪಿಸಿಕೊಳ್ಳಬಹುದು. ಅದಕ್ಕೆಂದೇ ಬೇರೆಯಾಗಿ, ಸ್ನಾಯುವಿನೊಳಕ್ಕೆ ಇನ್ನೊಂದಷ್ಟು ಔಷಧ ಕೊಡುವುದು ಪದ್ಧತಿ.

ಮೋಕದ ಹಿರಿಯರ ಪ್ರಕರಣದಲ್ಲಿ ಆ ಎರಡನೆಯ ಭಾಗ ತಪ್ಪಿತೇ? ತಪ್ಪಿರಬಹುದು. ಅಥವಾ ಕೊಟ್ಟರೂ, ನರ ಆ ಸ್ನಾಯುವಿನಲ್ಲಿ ಇರಲಿಲ್ಲವೇ? ಅದೂ ಸಾಧ್ಯ. ಮಣಿಕಟ್ಟಿನ ಹತ್ತಿರ ರೇಡಿಯಲ್ ನರದ ಚರ್ಮದ ಪಾಲೂ ಇದರ ಪಾಲೂ ಒಂದರ ಮೇಲೊಂದು ಹರಡಿರುವುದು ಸಾಮಾನ್ಯ. ಆದ್ದರಿಂದ ಗಡಿ ಎಲ್ಲರಲ್ಲೂ ಒಂದೇ ಕಡೆ ಬೀಳುವುದಿಲ್ಲ. ಪತ್ರ ನೋಡಿ ಕೈ ನೋಡಿದಂತೆ ತೀರ್ಪು ಹೇಳುವುದು ಸರಿಯಲ್ಲ. ಯಾವುದೇ ಆದರೂ, ಆ ಜಾಗ ಜೀವಂತವಿತ್ತು ಎಂಬ ಮಾತಿಗೆ ತಕ್ಕ ಕಾರಣ ಇದ್ದೇ ಇದೆ.

ಸೇತುವೆ ಇರುವವರಲ್ಲಿ ಇನ್ನೂ ವಿಚಿತ್ರವಾದುದು ನಡೆಯುತ್ತದೆ. ಮೀಡಿಯನ್ ನರಕ್ಕೆ ಸೇರಬೇಕಾದ ಕೆಲವು ಎಳೆಗಳು ಸ್ನಾಯು-ಚರ್ಮ ನರದ ಬೆನ್ನೇರಿ ಕಂಕುಳನ್ನು ದಾಟಿ, ತೋಳಿನ ನಡುವೆ ಸೇತುವೆಯ ಮೂಲಕ ಮೀಡಿಯನ್‌ಗೆ ಬಂದು ಸೇರುತ್ತವೆ. ಕಂಕುಳಲ್ಲಿ ಮೀಡಿಯನ್ ನರವನ್ನು ಪೂರ್ತಿ ತಡೆದಿದ್ದರೂ ಈ ಎಳೆಗಳಿಗೆ ಔಷಧ ತಾಗಿರುವುದಿಲ್ಲ. ಆಗ ಅಂಗೈಯಲ್ಲಿಯೇ ಎಲ್ಲೋ ಒಂದು ಕಡೆ ಅರೆ ಎಚ್ಚರ ಉಳಿಯಬಹುದು. ನಮ್ಮ ಮಾವನ ಹೊಲದ ಮೂಲೆಯಂತೆ.

ಹಾಗಾದರೆ ಇನ್ನಷ್ಟು ಔಷಧ ಸುರಿದರೆ ಆಗದೇ ಎಂದು ನಾನು ತಜ್ಞರನ್ನು ಕೇಳಿದೆ. ಅವರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಕಿಲೋ ತೂಕಕ್ಕೆ 7 ಮಿಲಿಗ್ರಾಂ ಮೀರಬಾರದು ಎಂಬುದು ರೂಢಿಯ ಮಿತಿ, ಬೆರೆಸದಿದ್ದರೆ 4.5. ಅರವತ್ತು ಕಿಲೋ ತೂಗುವವರಿಗೆ 420 ಮಿಲಿಗ್ರಾಂ ಎಂದಾಯಿತು. ಶೇಕಡ 2ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುತ್ತದೆ. ಅಂದರೆ ಇಪ್ಪತ್ತೊಂದು ಮಿಲಿಲೀಟರಿಗೆ ಬಾಗಿಲು ಮುಚ್ಚಿತು. ದ್ರಾವಣವನ್ನು ತೆಳುಮಾಡಿ ಹೆಚ್ಚು ಜಾಗಕ್ಕೆ ಹರಡಬಹುದು, ಆದರೆ ಒಟ್ಟು ಮಿತಿ ಅಷ್ಟೇ. ಮೀರಿದರೆ, ಅಥವಾ ತಪ್ಪಿ ರಕ್ತನಾಳಕ್ಕೆ ಹೋದರೆ, ನಾಲಿಗೆ ಜುಮ್ಮೆನ್ನುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಕಿವಿ ಗುಂಯ್‌ಗುಡುತ್ತದೆ. ಮುಂದೆ ಸೆಳವು ಬರಬಹುದು, ಹೃದಯದ ಬಡಿತವೇ ತಪ್ಪಬಹುದು. ಬ್ಯುಪಿವಕೇನ್ ವಿಷಯದಲ್ಲಿ ಈ ಭಯ ಹೆಚ್ಚು. ಅಂಥ ಸಂದರ್ಭಕ್ಕೆಂದು ಕೊಬ್ಬಿನ ದ್ರಾವಣವನ್ನು ಸಿದ್ಧವಾಗಿಟ್ಟುಕೊಳ್ಳುವ ಪದ್ಧತಿ ಈಚಿನ ವರ್ಷಗಳಲ್ಲಿ ಬಂದಿದೆ. ಕಂಕುಳಿಗೆ ಇಂಜೆಕ್ಷನ್ ಕೊಡುತ್ತಿರುವಾಗ ಬಾಯಿ ರುಚಿ ಬದಲಾದಂತೆ ಅನ್ನಿಸಿದರೆ ಸಂಕೋಚಪಡದೆ ಕೂಡಲೇ ಹೇಳಿ.

ಹೆಚ್ಚು ಸುರಿಯುವುದಕ್ಕಿಂತ ಸರಿಯಾದ ಕಡೆ ಸುರಿಯುವುದೇ ದಾರಿ. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡಿನ ತೆರೆಯನ್ನು ನೋಡುತ್ತ ಕಾಲರ್ ಮೂಳೆಯ ಮೇಲೆ ಬ್ಲಾಕ್ ಕೊಟ್ಟದ್ದನ್ನು ಪ್ರಕಟಿಸಿದರು. ಬಸುರಿಯರ ಸ್ಕ್ಯಾನಿಂಗಿನ ಯಂತ್ರದ ಜಾತಿಯದೇ ಇದು. (ಆದ್ದರಿಂದಲೇ, ನರ ನೋಡಲು ತಂದ ಯಂತ್ರವನ್ನೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಾಯಿಸಬೇಕು.) ಚಿತ್ರೀಕರಣದ ದಿನ ತೆರೆಯ ಮೇಲೆ ಮೊದಲು ನಮಗೆ ಕಂಡದ್ದು ಬೂದಿಬಣ್ಣದ ಮೋಡ. "ಇದರಲ್ಲಿ ಏನು ತೋರಿಸಲಿ ಸಾರ್?" ಎಂದು ನಮ್ಮ ಕ್ಯಾಮೆರಾಮನ್ ಗೊಣಗಿದರು. ತಜ್ಞರು ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು: ಕಂಕುಳಲ್ಲಿ ನರಗಳು ಸಣ್ಣ ಜೇನುಹುಟ್ಟಿನ ಹಾಗೆ, ಕುತ್ತಿಗೆಯಲ್ಲಿ ಬೇರುಗಳು ಒಂದರ ಕೆಳಗೊಂದು ಕಪ್ಪು ಬೊಟ್ಟುಗಳ ಹಾಗೆ. ಕೆಲವರಲ್ಲಿ ಮೇಲಿನ ಬೊಟ್ಟು ಎರಡು ಸ್ನಾಯುಗಳ ನಡುವೆ ಇರದೆ ಮುಂದಿನ ಸ್ನಾಯುವಿನ ಒಳಗೇ ಇರುತ್ತದೆ. ಕುರುಡಾಗಿ ಚುಚ್ಚುವವರಿಗೆ ಅದು ಸಿಕ್ಕುವುದಿಲ್ಲ. ಕಂಡವರು ಅಲ್ಲಿಗೂ ಹನಿಸುತ್ತಾರೆ. ಯಂತ್ರ ಇದ್ದರೆ ಎಲ್ಲ ಸರಿಹೋಯಿತು ಎಂದಲ್ಲ. ತೆರೆಯ ಮೇಲೂ ಪುಸ್ತಕದ ಚಿತ್ರವನ್ನೇ ಹುಡುಕುವವರಿಗೆ ಪುಸ್ತಕದ ಚಿತ್ರವೇ ಕಾಣುತ್ತದೆ. ಕಪ್ಪೆಯ ವಿಷಯದಲ್ಲಿ ನಾನೇ ಸಾಕ್ಷಿ.

ಯಂತ್ರವಿಲ್ಲದ ಕಡೆಯೂ ಒಂದು ಪರೀಕ್ಷೆಗೆ ಯಾವ ಖರ್ಚೂ ಇಲ್ಲ. ಇಂಜೆಕ್ಷನ್ ಕೊಟ್ಟು ಇಪ್ಪತ್ತು ನಿಮಿಷ, ಬೇಕಾದರೆ ಅರ್ಧ ಗಂಟೆ ಕಾಯುವುದು. ಆಮೇಲೆ ಸ್ಪಿರಿಟ್ಟಿನ ಹತ್ತಿಯನ್ನು ನಾಲ್ಕೂ ನರಗಳ ಜಾಗಕ್ಕೆ ಒಂದೊಂದಾಗಿ ಮುಟ್ಟಿಸಿ 'ತಣ್ಣಗಿದೆಯೇ' ಎಂದು ಕೇಳುವುದು. ಮೊಳಕೈ ಚಾಚಿ ತಳ್ಳಲು ಹೇಳಿದರೆ ರೇಡಿಯಲ್ ನರದ ಸ್ಥಿತಿ ತಿಳಿಯುತ್ತದೆ, ಮಡಿಸಿ ಎಳೆಯಲು ಹೇಳಿದರೆ ಸ್ನಾಯು-ಚರ್ಮ ನರದ್ದು. ಒಂದು ಜಾಗ ತಣ್ಣಗಿದೆ ಎಂದು ರೋಗಿ ಹೇಳಿದರೆ ಅಲ್ಲಿಗೆ ಪರಿಹಾರವೂ ಉಂಟು. ಈ ಹಿರಿಯರ ಪಟ್ಟಿಗೆ ಹೋಗುವ ಕವಲು ಮೊಳಕೈ ಮಡಿಕೆಯಲ್ಲಿ, ತೋಳಿನ ದಪ್ಪ ಸ್ನಾಯುವಿನ ಗಟ್ಟಿ ಹುರಿಯ ಹೊರಮಗ್ಗುಲಲ್ಲಿ ಚರ್ಮದ ಕೆಳಗೇ ಸಿಗುತ್ತದೆ. ಸಾಮಾನ್ಯವಾಗಿ ಐದಾರು ಮಿಲಿಲೀಟರು ಔಷಧ ಅಲ್ಲಿಗೆ ಸಾಕು.

ರೋಗಿಯೂ ಒಂದು ವ್ಯತ್ಯಾಸ ತಿಳಿದಿರಬೇಕು. ಬ್ಲಾಕ್ ಚೆನ್ನಾಗಿ ಹಿಡಿದಿದ್ದರೂ ಯಾರೋ ಕೈಯನ್ನು ಎಳೆದಂತೆ, ಒತ್ತಿದಂತೆ ಅನ್ನಿಸಬಹುದು. ಅದು ನೋವಲ್ಲ. ಚುರುಕ್ಕೆಂದರೆ, ಕೊಯ್ದಂತಾದರೆ ಅದು ನೋವು. ತೋಳಿನ ಮೇಲ್ಭಾಗಕ್ಕೆ ರಕ್ತ ತಡೆಯಲು ಬಿಗಿಯುವ ಪಟ್ಟಿಯ ನೋವು ಇನ್ನೊಂದು ಬಗೆ. ತೋಳಿನ ಒಳಮಗ್ಗುಲ ಚರ್ಮಕ್ಕೆ ಎದೆಯ ಎರಡನೆಯ ನರದಿಂದ ಬೇರೆಯೇ ಕವಲು ಬರುತ್ತದೆ, ಅದು ಹೆಚ್ಚಿನವರಲ್ಲಿ ಈ ಜಾಲಕ್ಕೆ ಸೇರಿದ್ದಲ್ಲ. ಯಾವ ಜಾಗ, ಯಾವ ಬಗೆ ಎಂದು ಬೆರಳಿಟ್ಟು ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಆದಂತೆ.

ಆದ್ದರಿಂದ ಮೋಕದ ಮಿತ್ರರೇ, ಪ್ಲೇಟು ತೆಗೆಸಲು ಹೋಗುವಾಗ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಜೊತೆಗೆ ಒಯ್ಯಿರಿ. ಆಪರೇಷನ್ ಮಾಡುವವರಿಗಷ್ಟೇ ಅಲ್ಲ, ಮತ್ತು ಕೊಡುವ ಡಾಕ್ಟರಿಗೆ, ಹಿಂದಿನ ದಿನವೇ, ನಿಮ್ಮ ತಂದೆಯ ಬಾಯಿಂದಲೇ ಹೇಳಿಸಿ: ಕಂಕುಳಿಗೆ ಕೊಟ್ಟಿದ್ದರು, ಬೆರಳು ನಿಂತಿದ್ದವು, ಇಷ್ಟು ಜಾಗ ನಿಂತಿರಲಿಲ್ಲ. ಬಾಲ್‌ಪೆನ್ನಿನಿಂದ ಆ ಜಾಗದ ಸುತ್ತ ಗೆರೆ ಎಳೆದು ತೋರಿಸಿದರೂ ತಪ್ಪಿಲ್ಲ. ಕಾಲರ್ ಮೂಳೆಯ ಮೇಲಿನಿಂದ ಕೊಡುವುದೋ, ಕಂಕುಳಿನ ಜೊತೆಗೆ ಮೊಳಕೈಯಲ್ಲಿ ಇನ್ನೊಂದು ಕೊಡುವುದೋ, ಪೂರ್ತಿ ಮಲಗಿಸುವುದೋ ಎಂಬುದನ್ನು ಅವರ ಎದೆ, ಹೃದಯ, ವಯಸ್ಸು ನೋಡಿ ಡಾಕ್ಟರು ನಿರ್ಧರಿಸುತ್ತಾರೆ. 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ನಿಮಗೆ ಹತ್ತಿರದ ಬಳ್ಳಾರಿಯಲ್ಲಿಯೇ ಇದೆ. ಬೇರೆ ಕಡೆ ಅನುಮಾನ ಉಳಿದರೆ ಅಲ್ಲಿ ಕೇಳಬಹುದು. ಕೆಲಸ ಮುಗಿದ ಮೇಲೆ ಏನು ಕೊಟ್ಟರು, ಯಾವ ಜಾಗ ಹಿಡಿಯಿತು, ಯಾವುದು ಬಿಟ್ಟಿತು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಪತ್ರದ ಅಂಚಿನಲ್ಲಿ ನೀವು ಸಣ್ಣಕ್ಷರದಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದೀರಿ: ಅಪ್ಪನ ಕೈ ಹಾಗಿದ್ದರೆ ನನ್ನ ಕೈಯೂ ಹಾಗೇ ಇರಬೇಕೇ? ಇರಬೇಕಾಗಿಲ್ಲ. ಒಬ್ಬರದೇ ಎರಡು ತೋಳುಗಳಲ್ಲಿ ಒಂದರಲ್ಲಿ ಸೇತುವೆ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಅಂಗರಚನಾ ತಜ್ಞರಿಗೆ ಹೊಸದಲ್ಲ. ನಿಮ್ಮ ತಂದೆ ಹೇಳಿದ್ದು ಅವರ ಎಡಗೈಯ ಮಾತು. ಅವರ ಬಲಗೈ ಪುಸ್ತಕದಲ್ಲಿರುವಂತೆಯೇ ಇದ್ದರೂ ಇರಬಹುದು.